14 ಸಾವಿರ ಕಿಲೋಮೀಟರ್ ಓಡಿದ ಹಳೇ ಸ್ಪೋರ್ಟ್ಸ್ ಕಾರು: ಓಟಿ ನೋಡದೆ ರೇಟ್ ಹೇಳಬೇಡಿ

ಕಾಫಿ ಚೆರಿ ಮಾರುವಾಗ ಮೂಟೆಯ ಅಂದ ನೋಡಿ ಯಾರೂ ರೇಟ್ ಹೇಳುವುದಿಲ್ಲ. ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ತೇವ ಎಷ್ಟಿದೆ, ಕಪ್ಪು ಬೀಜ ಎಷ್ಟಿದೆ, ಬೋರರ್ ಹುಳ ಹೊಡೆದದ್ದು ಎಷ್ಟಿದೆ ಅಂತ ನೋಡಿ, ಓಟಿ (ಔಟ್‌ಟರ್ನ್, ಅಂದರೆ ಚೆರಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕ) 26 ಅಂತಲೋ 28 ಅಂತಲೋ ಬಂದ ಮೇಲೆಯೇ ದುಡ್ಡಿನ ಮಾತು. ಆದರೆ ಅದೇ ನಮ್ಮ ಜನ ಹಳೇ ಕಾರು ನೋಡಲು ಹೋದರೆ ಮೀಟರ್‌ನಲ್ಲಿ ಕಾಣುವ ಒಂದು ನಂಬರ್‌ಗೆ ಮರುಳಾಗಿ ಬಿಡುತ್ತಾರೆ.

ನಮ್ಮ ಬಾವನ ಕತೆ ಹಾಗೇ ಆಯಿತು. ಕೊಡಗಿನ ಸಿದ್ದಾಪುರ ಕಡೆಯ ಒಂದು ತೋಟದ ಶೆಡ್‌ನಲ್ಲಿ 2006ರ ಮರ್ಸಿಡಿಸ್ ಎಸ್‌ಎಲ್‌ಕೆ 350 ಇದೆ ಅಂತ ಯಾರೋ ಹೇಳಿದ್ದಾರೆ. ಎರಡೇ ಸೀಟು, ಮೇಲಿನ ಲೋಹದ ಟಾಪ್ ಬಟನ್ ಒತ್ತಿದರೆ ಮಡಚಿ ಡಿಕ್ಕಿಯೊಳಗೆ ಹೋಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ಟಾಪ್ ತೆಗೆಯುವ ಕಾರು ಯಾರು ತಂದರೋ, ಅವರ ಧೈರ್ಯ ಮೆಚ್ಚಬೇಕು. ಬಾವ ಫೋನ್ ಮಾಡಿ, "14 ಸಾವಿರ ಅಷ್ಟೇ ಓಡಿರೋದು ಮಾರಾಯ, ಹೊಸದೇ ಅಲ್ವಾ?" ಅಂದರು. ಅಲ್ಲ ಬಾವ, ಹೊಸದಲ್ಲ ಅಂದೆ. ಅವತ್ತು ಫೋನಲ್ಲಿ ಅರ್ಧಂಬರ್ಧ ಹೇಳಿದ್ದನ್ನೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು: ಆ ನಂಬರ್ ನಿಜವಾ?

ಸುಮ್ನೆ ಭಾಗಿಸಿ ನೋಡಿ. 19 ವರ್ಷಕ್ಕೆ 14 ಸಾವಿರ ಅಂದರೆ ವರ್ಷಕ್ಕೆ 740 ಕಿಲೋಮೀಟರ್ ಹತ್ತಿರ. ಮಡಿಕೇರಿಯಿಂದ ಮೈಸೂರಿಗೆ ಮೂರು ಸಲ ಹೋಗಿ ಬಂದರೆ ಮುಗಿಯಿತು. ತೋಟದಲ್ಲಿ ಜೀಪು, ಪಿಕಪ್ಪು ಇರುವವರ ಮನೆಯಲ್ಲಿ ಇದು ನಡೆಯುವ ಮಾತೇ. ಆದರೆ ಡಿಜಿಟಲ್ ಮೀಟರ್ ಹಿಂದಕ್ಕೆ ತಿರುಗಿಸುವುದು ಈಗ ಲ್ಯಾಪ್‌ಟಾಪ್ ಇರುವವನಿಗೆ ಅರ್ಧ ಗಂಟೆಯ ಕೆಲಸ, ಹಾಗಾಗಿ ಮೀಟರ್ ಒಂದನ್ನೇ ನಂಬಬೇಡಿ.

ಸರ್ವಿಸ್ ಪುಸ್ತಕ, ಹಳೇ ಬಿಲ್ಲುಗಳನ್ನು ಕೇಳಿ. ಪ್ರತಿ ಬಿಲ್ಲಿನಲ್ಲೂ ದಿನಾಂಕ ಮತ್ತು ಕಿಲೋಮೀಟರ್ ಇರುತ್ತದೆ, ಅವನ್ನು ಸಾಲಾಗಿ ಬರೆದುಕೊಳ್ಳಿ. ಸಂಖ್ಯೆ ಮೆಲ್ಲಗೆ ಏರುತ್ತಾ ಬರಬೇಕು. ವರ್ಷಕ್ಕೆ 700 ಕಿಲೋಮೀಟರ್ ಓಡಿದರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿದ ಬಿಲ್ ಇದ್ದರೆ ಆ ಮಾಲೀಕರಿಗೆ ಒಂದು ನಮಸ್ಕಾರ ಹೇಳಿ, ಅಂಥವರ ಕಾರಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಐದಾರು ವರ್ಷ ಒಂದೂ ಬಿಲ್ ಇಲ್ಲ ಅಂದರೆ ಕಾರು ಸುಮ್ನೆ ನಿಂತಿತ್ತು, ಇಲ್ಲವೇ ಲೆಕ್ಕ ಇಲ್ಲದೆ ಓಡಿದೆ. ಎರಡೂ ನಿಮಗೆ ಖರ್ಚೇ.

ಆಮೇಲೆ ಕಣ್ಣಿಗೆ ಕಾಣುವ ಸಾಕ್ಷಿ. ಬ್ರೇಕ್ ಪೆಡಲ್‌ನ ರಬ್ಬರ್ ಸವೆದಿದೆಯಾ, ಸ್ಟೀರಿಂಗ್‌ನ ಚರ್ಮ ನುಣ್ಣಗಾಗಿ ಹೊಳೆಯುತ್ತಿದೆಯಾ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದೆಯಾ. ಇಳಿಯುವಾಗ ಹತ್ತುವಾಗ ಉಜ್ಜುವುದು ಅಲ್ಲೇ. 14 ಸಾವಿರಕ್ಕೆ ಅದು ಕುಸಿಯಬಾರದು. ಬ್ರೇಕ್ ಡಿಸ್ಕ್ ಬದಲಿಸಿದ ಬಿಲ್ ಇದ್ದರೆ ಯಾಕೆ ಅಂತ ಕೇಳಿ. ತುಕ್ಕು ಹಿಡಿದು ಬದಲಿಸಿದ್ದರೆ ನಮ್ಮ ಹವೆಯಲ್ಲಿ ಸರಿ, ಸವೆದು ಬದಲಿಸಿದ್ದರೆ ಮೀಟರ್ ಸುಳ್ಳು ಹೇಳುತ್ತಿದೆ.

ಕಾಗದ

ಇದನ್ನು ಬೇಗ ಮುಗಿಸೋಣ. ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ. ಎಷ್ಟನೇ ಮಾಲೀಕರು, ಸಾಲ ಇದೆಯಾ, ತೆರಿಗೆ ಎಲ್ಲಿವರೆಗೆ ಕಟ್ಟಿದೆ, ಎಲ್ಲ ಅದರಲ್ಲಿ ಸಿಗುತ್ತದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು 2025ರಲ್ಲಿ ಹೆಚ್ಚಿಸಿದ್ದಾರೆ: ಮಾಮೂಲಿ ಕಾರಿಗೆ 10,000 ರೂಪಾಯಿ, ಆಮದು ಮಾಡಿದ ಕಾರಿಗೆ 80,000 ರೂಪಾಯಿ. ಬಾವ ನೋಡಿದ ಕಾರು ಹೊರದೇಶದಿಂದ ಬಂದದ್ದು, 20ರ ಹೊಸ್ತಿಲಲ್ಲಿದೆ. ಆ 80 ಸಾವಿರ ಯಾರ ಜೇಬಿನದು ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಬೇಕು. ಕೆಲವರು "ವಿಂಟೇಜ್ ಕಾರು ಸಾರ್" ಅಂತ ರೇಟ್ ಏರಿಸುತ್ತಾರೆ. ಸರ್ಕಾರದ ನಿಯಮದಲ್ಲಿ ವಿಂಟೇಜ್ ಅಂದರೆ 50 ವರ್ಷ ದಾಟಿದ್ದು. ಇದು ಬರೀ ಹಳೇ ಕಾರು.

ಹಳೇ ವಿಮಾ ಪಾಲಿಸಿಗಳನ್ನೂ ಕೇಳಿ. ಐದು ವರ್ಷ ಕ್ಲೇಮ್ ಮಾಡದಿದ್ದರೆ ನೋ ಕ್ಲೇಮ್ ಬೋನಸ್ 50 ಪರ್ಸೆಂಟ್ ಆಗಿರುತ್ತದೆ, ಒಂದು ಕ್ಲೇಮ್ ಆದರೆ ಸೊನ್ನೆಗೆ ಬೀಳುತ್ತದೆ. ಆದರೆ ಆ ಬೋನಸ್ ಮಾಲೀಕರದು, ಕಾರಿನದಲ್ಲ. ಬೇರೆ ಕಾರಿನಿಂದ ತಂದಿರಲೂಬಹುದು, ಅದಕ್ಕೇ ಒಂದು ವರ್ಷದ ಪಾಲಿಸಿ ಸಾಲದು. ಅದರಲ್ಲೂ 2018 ಮತ್ತು 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಈ ಕಾರು ಎಲ್ಲಿತ್ತು ಅಂತ ನೇರವಾಗಿ ಕೇಳಿ. ಕೊಡಗಿನಲ್ಲಿ ಈ ಪ್ರಶ್ನೆಗೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೊಳೆ ನೀರು ಹೊಕ್ಕ ಕಾರು ಕೂಡ ಆಮೇಲೆ ಜಾಸ್ತಿ ಓಡಿರುವುದಿಲ್ಲ ನೋಡಿ! ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯಲ್ಲಿ ಕೆಸರಿನ ಗೆರೆ ಇದೆಯಾ ನೋಡಿ, ಮ್ಯಾಟ್ ಎತ್ತಿ ಮೂಗು ಹತ್ತಿರ ಇಡಿ.

ನಿಂತ ಕಾರು ಹಾಳಾಗುವುದು ಹೇಗೆ

ದುಡ್ಡಿನ ವಿಷಯ ಅಡಗಿರುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

ಕಾರಿನ ಕೆಲವು ಭಾಗ ಓಡಿದರೆ ಸವೆಯುತ್ತವೆ, ಕೆಲವು ವಯಸ್ಸಾದರೆ ಸಾಯುತ್ತವೆ. ಕಡಿಮೆ ಓಡಿದ್ದರಿಂದ ಉಳಿಯುವುದು ಮೊದಲನೇ ಗುಂಪು ಮಾತ್ರ. ಎರಡನೆಯದರಲ್ಲಿ ಟೈರು ಮೊದಲು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ, 1809 ಅಂತಿದ್ದರೆ 2009ರ 18ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಹೂವು (ಟೈರಿನ ಮೇಲಿನ ಕಚ್ಚು) ಸವೆದಿಲ್ಲ, ನೋಡಲು ಕಪ್ಪಗೆ ಚೆನ್ನಾಗಿದೆ, ಆದರೆ ರಬ್ಬರ್ ಕಲ್ಲಾಗಿದೆ. 10 ವರ್ಷ ದಾಟಿದ ಟೈರನ್ನು ನೋಡದೆಯೇ ಎಸೆಯಿರಿ. ಅಂಥ ಟೈರಿನಲ್ಲಿ ಸ್ಪೋರ್ಟ್ಸ್ ಕಾರನ್ನು ಒದ್ದೆ ಘಾಟಿಯಲ್ಲಿ ಓಡಿಸುವುದು ಬೇಡವೇ ಬೇಡ. ಎಸ್‌ಎಲ್‌ಕೆ 350ಗೆ ಹಿಂದಿನ ಟೈರು ಮುಂದಿನದಕ್ಕಿಂತ ಅಗಲ, ನಾಲ್ಕೂ ಹೊಸದು ಅಂದರೆ ಸಣ್ಣ ಬಿಲ್ ಅಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿಯುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬದಲಿಸದೆ ಬಿಟ್ಟರೆ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಒಳಗೆ ತುಕ್ಕು ಬಂದು ಹಿಡಿದುಕೊಳ್ಳುತ್ತದೆ. ಎಸಿ ಹಾಕದೆ ವರ್ಷಗಟ್ಟಲೆ ಬಿಟ್ಟರೆ ಕಂಪ್ರೆಸರ್ ಸೀಲ್ ಒಣಗಿ ಗ್ಯಾಸ್ ಹೋಗುತ್ತದೆ. ಎಂಜಿನ್ ಮೌಂಟು, ಸಸ್ಪೆನ್ಷನ್ ಬುಷ್, ಕೂಲೆಂಟ್ ಹೋಸ್ ಎಲ್ಲ ರಬ್ಬರು, ಎಲ್ಲಕ್ಕೂ ವಯಸ್ಸಾಗಿದೆ. ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಇದ್ದರೆ ಇನ್ನೊಂದು ಕತೆ. ಈಗಿನ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ಎಥೆನಾಲ್ ಇರುತ್ತದೆ, ಅದೂ ನೀರು ಹೀರುತ್ತದೆ. 2006ರ ಕಾರಿನ ಪೈಪು, ಸೀಲುಗಳನ್ನು ಈ ಪೆಟ್ರೋಲ್ ಮನಸ್ಸಿನಲ್ಲಿಟ್ಟು ಮಾಡಿಲ್ಲ. ಟೈಮಿಂಗ್ ಬೆಲ್ಟ್ ಇರುವ ಕಾರಾದರೆ, ಉದಾಹರಣೆಗೆ ಫಿಯಟ್ ಅಬಾರ್ತ್ ಪುಂಟೊ, ಬೆಲ್ಟಿಗೆ ಕಿಲೋಮೀಟರ್ ಜೊತೆ ವರ್ಷದ ಗಡುವೂ ಇರುತ್ತದೆ. ಓಡಿಲ್ಲ ಅಂತ ಬಿಟ್ಟು, ಬೆಲ್ಟ್ ಕಡಿದು ಎಂಜಿನ್ ಹೋದವರಿದ್ದಾರೆ.

ಇನ್ನು ನಮ್ಮ ಊರಿನ ಸ್ಪೆಷಲ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟಾರ್ಪಾಲ್ ಹೊದಿಸಿಟ್ಟ ಕಾರಿನೊಳಗೆ ಬೂಸ್ಟು ಬರದೆ ಇರುವುದಿಲ್ಲ. ಸೀಟು ಒರೆಸಿ ಪಾಲಿಷ್ ಹೊಡೆದಿರುತ್ತಾರೆ, ಸೀಟಿನ ಅಡಿಗೆ, ಬೆಲ್ಟಿನ ಬುಡಕ್ಕೆ ಟಾರ್ಚ್ ಬಿಡಿ. ಶೆಡ್‌ನಲ್ಲಿ ಕಾಫಿ, ಮೆಣಸು, ಅಕ್ಕಿ ಇದ್ದಲ್ಲಿ ಇಲಿ ಇರುತ್ತದೆ, ಇಲಿ ಇದ್ದಲ್ಲಿ ವೈರ್ ಉಳಿಯುವುದಿಲ್ಲ. ಏರ್ ಫಿಲ್ಟರ್ ಡಬ್ಬಿ ತೆಗೆಸಿ ನೋಡಿ. ಬಾವ ತೆಗೆಸಿದಾಗ ಒಳಗೆ ಗೋಣಿಯ ನಾರು, ಒಂದು ಹಿಡಿ ಕಾಫಿ ಬೀಜ ಸಿಕ್ಕಿತು. ಯಾವ ಗ್ರೇಡ್ ಅಂತ ಬಾವ ನೋಡಿದರಂತೆ, ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಪಾರ್ಚ್‌ಮೆಂಟೇ! ಟಾಪ್ ಮಡಚುವ ಕಾರಾದರೆ ಐದಾರು ಸಲ ತೆಗೆದು ಹಾಕಿಸಿ. ಅದನ್ನು ಎತ್ತುವುದು ಹೈಡ್ರಾಲಿಕ್ ಸಿಲಿಂಡರ್‌ಗಳು, ವಯಸ್ಸಾದಂತೆ ಸೀಲ್ ಸೋರುತ್ತವೆ. ಡಿಕ್ಕಿಯ ಮ್ಯಾಟ್ ಎತ್ತಿ ನೀರು ನಿಂತಿದೆಯಾ ನೋಡಿ.

ಇನ್ನೊಂದು ಸೂಕ್ಷ್ಮ ಇದೆ. ಪ್ರತಿ ಮಾಡೆಲ್‌ಗೂ ಹುಟ್ಟಿನಿಂದಲೇ ಬಂದ ಒಂದು ಕಾಯಿಲೆ ಇರುತ್ತದೆ. 2004ರಿಂದ 2006ರ ಆಸುಪಾಸಿನ ಎಷ್ಟೋ ಮರ್ಸಿಡಿಸ್ ವಿ6 ಎಂಜಿನ್‌ಗಳಲ್ಲಿ ಬ್ಯಾಲೆನ್ಸ್ ಶಾಫ್ಟಿನ (ಎಂಜಿನ್ ನಡುಕ ತಗ್ಗಿಸುವ ಶಾಫ್ಟ್) ಹಲ್ಲು ಬೇಗ ಸವೆಯುತ್ತದೆ, ರಿಪೇರಿಗೆ ಎಂಜಿನ್ನೇ ಕೆಳಗಿಳಿಸಬೇಕು. ಇದು ಓಡಿದ ಮೇಲೆ ಕಾಣಿಸಿಕೊಳ್ಳುವ ತೊಂದರೆ. 14 ಸಾವಿರ ಓಡಿದ ಕಾರಿನಲ್ಲಿ ಕಾಣಿಸಿಲ್ಲ ಅಂದರೆ ಕಾಯಿಲೆ ಇಲ್ಲ ಅಂತಲ್ಲ, ಬಿಲ್ ಇನ್ನೂ ಬಂದಿಲ್ಲ ಅಂತ ಅಷ್ಟೇ. ಎಂಜಿನ್ ನಂಬರ್ ಕೊಟ್ಟರೆ ಆ ಸಾಲಿನದ್ದಾ ಅಲ್ಲವಾ ಅಂತ ತಿಳಿದ ಮೆಕ್ಯಾನಿಕ್ ಹೇಳುತ್ತಾರೆ. ಹಳೇ ಪೋರ್ಶೆ ಬಾಕ್ಸ್‌ಸ್ಟರ್‌ನ ಎಂಜಿನ್ ಒಳಗಿನ ಐಎಂಎಸ್ ಶಾಫ್ಟಿನ ಬೇರಿಂಗ್ ವಿಷಯದಲ್ಲಂತೂ ದಿನಾ ಓಡುವ ಕಾರಿಗಿಂತ ನಿಂತ ಕಾರಿಗೇ ಹೆದರುವ ಮೆಕ್ಯಾನಿಕ್‌ಗಳಿದ್ದಾರೆ.

ಸ್ಟಾರ್ಟ್ ಮಾಡಿ, ಓಡಿಸಿ

ನೀವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿರಿ. ಬೆಳಗ್ಗಿನ ಚಳಿಯಲ್ಲಿ ತಣ್ಣಗಿರುವ ಎಂಜಿನ್ ಹೇಗೆ ಎದ್ದೇಳುತ್ತದೆ ಅನ್ನುವುದೇ ಪರೀಕ್ಷೆ. ನೀಲಿ ಹೊಗೆ, ಕಟಕಟ ಸದ್ದು, ಆರದ ಲೈಟು ಇದೆಯಾ ನೋಡಿ. ಆಮೇಲೆ ಟೈರ್ ಸರಿಯಿದ್ದರೆ ಮಾತ್ರ ಕುಶಾಲನಗರ ದಾಟಿ ಬೈಲಕುಪ್ಪೆ ಕಡೆಯ ನೇರ ರಸ್ತೆಯಲ್ಲಿ 80ಕ್ಕೆ ತನ್ನಿ. ಸ್ಟೀರಿಂಗ್ ನಡುಗಿದರೆ ಟೈರು ನಿಂತಲ್ಲೇ ಚಪ್ಪಟೆಯಾಗಿರಬಹುದು. ಬ್ರೇಕ್ ಹಾಕಿದಾಗ ಒಂದು ಕಡೆ ಎಳೆದರೆ ಕ್ಯಾಲಿಪರ್. ಮುಗಿದ ಮೇಲೆ ನಾಲ್ಕು ಚಕ್ರದ ಹತ್ತಿರ ಕೈ ಹಿಡಿಯಿರಿ, ಒಂದೇ ಚಕ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ.

ಈಗ ಲೆಕ್ಕ

ಕೆಳಗಿನ ಅಂಕಿಗಳು ಬರೀ ಉದಾಹರಣೆಗೆ, ಮಾರುಕಟ್ಟೆ ರೇಟ್ ಅಂತ ಹಿಡಿಯಬೇಡಿ. ಅದೇ ಮಾಡೆಲ್, ಅದೇ ವರ್ಷ, 60-70 ಸಾವಿರ ಓಡಿದ, ದಿನಾ ಬಳಸುವ ಒಳ್ಳೇ ಕಾರು ಎಷ್ಟಕ್ಕೆ ಕೈ ಬದಲಾಗುತ್ತಿದೆ ಅಂತ ಹುಡುಕಿ. ಜಾಹೀರಾತಿನ ರೇಟ್ ಅಲ್ಲ, ಕೊನೆಗೆ ಕೊಟ್ಟ ರೇಟ್. 12 ಲಕ್ಷ ಅಂತ ಇಟ್ಟುಕೊಳ್ಳೋಣ. ಕಿಲೋಮೀಟರ್ ನಿಜ, ಬಿಲ್ಲುಗಳಿವೆ, ಕಂಪನಿ ಪೇಂಟೇ ಇದೆ, ಎರಡೂ ಕೀ ಇವೆ ಅಂದರೆ ಎರಡೂವರೆ ಲಕ್ಷ ಸೇರಿಸಿ. ಬಿಲ್ ಇಲ್ಲದಿದ್ದರೆ ಒಂದು ರೂಪಾಯಿಯೂ ಬೇಡ. ಈಗ ಕಾರನ್ನು ಎಬ್ಬಿಸುವ ಖರ್ಚು ಕಳೆಯಿರಿ: ಟೈರು, ಬ್ಯಾಟರಿ, ಎಲ್ಲ ಆಯಿಲ್, ಬ್ರೇಕ್, ಹೋಸು, ಟಾಪ್, ವೈರಿಂಗ್. 3 ಲಕ್ಷ ಅನ್ನಿ. ಇದನ್ನು ಅಂದಾಜಿನಲ್ಲಿ ಹೇಳಬೇಡಿ, ಗ್ಯಾರೇಜಿನಿಂದ ಬರೆಸಿ ತಂದು ಮಾಲೀಕರ ಮುಂದೆ ಇಡಿ. ಹುಟ್ಟು ಕಾಯಿಲೆಯ ಭಯಕ್ಕೆ 1 ಲಕ್ಷ. ಉಳಿದದ್ದು ಹತ್ತೂವರೆ. ಮಾರುವವರು ಕೇಳುತ್ತಿರುವುದು 18 ಲಕ್ಷ.

"ಇಷ್ಟು ಕಡಿಮೆ ಓಡಿದ ಕಾರಿಗೆ ಮಾಮೂಲಿ ಕಾರಿಗಿಂತ ಕಡಿಮೆಯಾ?" ಅಂತ ಬಾವನಿಗೆ ಸಿಟ್ಟೇ ಬಂತು, ಮಾರುವವರ ಪರವಾಗಿ! ಹೌದು, ಕೆಲವು ಸಲ ಹಾಗೇ ಆಗುತ್ತದೆ. ದಿನಾ ಓಡುವ ಕಾರಿಗೆ ಹಿಂದಿನ ಮಾಲೀಕರು ಈ ಖರ್ಚನ್ನೆಲ್ಲ ಮಾಡಿ ಮುಗಿಸಿರುತ್ತಾರೆ. ಇನ್ನೊಂದು, ಆ ಎರಡೂವರೆ ಲಕ್ಷ ಜಾಸ್ತಿ ಕೊಡುವುದು ಕಿಲೋಮೀಟರ್ ಕಡಿಮೆ ಇರುವುದಕ್ಕೆ ತಾನೇ? ನೀವು ವರ್ಷಕ್ಕೆ 8 ಸಾವಿರ ಓಡಿಸಿದರೆ ಆರೇ ವರ್ಷಕ್ಕೆ ಅದೂ 60 ಸಾವಿರದ ಕಾರು. ಓಡಿಸದೆ ಇಟ್ಟರೆ ಮತ್ತೆ ಬೂಸ್ಟು, ಇಲಿ.

ಕೈ ಕುಲುಕುವ ಮೊದಲು ವಿಮೆಯವರಿಗೆ ಒಂದು ಫೋನ್ ಮಾಡಿ. ಐದು ವರ್ಷದವರೆಗೆ ಕಾರಿನ ವಿಮಾ ಮೌಲ್ಯಕ್ಕೆ ನಿಗದಿಯಾದ ಕಡಿತದ ಪಟ್ಟಿ ಇದೆ, ಆಮೇಲೆ ನೀವೂ ಕಂಪನಿಯೂ ಒಪ್ಪಿಕೊಂಡದ್ದೇ ಮೌಲ್ಯ. ನೀವು ಹತ್ತೂವರೆ ಕೊಟ್ಟು, ಅವರು 4 ಲಕ್ಷಕ್ಕೆ ಮಾತ್ರ ಒಪ್ಪಿದರೆ, ಮಳೆಗಾಲದಲ್ಲಿ ಸಿಲ್ವರ್ ಓಕ್ ಮುರಿದು ಬಿದ್ದ ದಿನ ಉಳಿದದ್ದು ನಿಮ್ಮ ತಲೆ ಮೇಲೆ.

ಬಾವ ಹೋದ ಭಾನುವಾರ ಹತ್ತೂವರೆ ಹೇಳಿ, ಗ್ಯಾರೇಜಿನ ಪಟ್ಟಿ ಕೊಟ್ಟು, ಕಾಫಿ ಕುಡಿದು ಬಂದರು. ಮಾರುವವರು ಹದಿನೈದಕ್ಕೆ ಇಳಿದಿದ್ದಾರೆ, ಟೈರು ಅವರೇ ಹಾಕಿಸಿ ಕೊಡುತ್ತಾರಂತೆ. ಇನ್ನೂ ಇಳಿಯುತ್ತಾರೆ, ಅವಸರ ಬೇಡ ಬಾವ ಅಂದಿದ್ದೇನೆ. ಹೂಂ ಅಂದರು. ಆದರೆ ನಿನ್ನೆ ಅಕ್ಕ ಫೋನ್ ಮಾಡಿದಾಗ ಗೊತ್ತಾಯಿತು, ಬಾವ ತಮ್ಮ ಶೆಡ್‌ನಲ್ಲಿದ್ದ ಮೆಣಸಿನ ಚೀಲವನ್ನೆಲ್ಲ ಆಗಲೇ ಒಂದು ಮೂಲೆಗೆ ಸರಿಸಿ, ಎರಡು ಇಲಿ ಬೋನು ಇಟ್ಟಿದ್ದಾರಂತೆ.