ವೇಗದ ಗಾರ್ಡ್‌ನ ಆಟವನ್ನು ನೋಡಿ ಕಲಿಯುವ ಬಗೆ

ನಾನು ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಕಾಲು ಚುರುಕಾಗಿರುವ ಹುಡುಗರು ಒಂದಲ್ಲ ಒಂದು ದಿನ ‘ಸರ್, ಯಾರ ಆಟ ನೋಡಲಿ?’ ಎಂದು ಕೇಳಿಯೇ ಕೇಳುತ್ತಾರೆ. ಅಮೆರಿಕದ ಲೀಗ್ ಎನ್‌ಬಿಎಯಲ್ಲಿ ಗಾರ್ಡ್ ಆಗಿ, ಅಂದರೆ ಚೆಂಡು ಮುನ್ನಡೆಸುವವನಾಗಿ ಆಡಿದ ಡೆರಿಕ್ ರೋಸ್‌ನ ಮೊದಲ ಮೂರು ಸೀಸನ್ ನೋಡು ಎನ್ನುತ್ತೇನೆ. ಮರುದಿನ ಐದು ನಿಮಿಷದ ಡಂಕ್ (ಹಾರಿ ಚೆಂಡನ್ನು ಬುಟ್ಟಿಗೆ ತುರುಕುವುದು) ತುಣುಕುಗಳನ್ನು ನೋಡಿಕೊಂಡು ಬರುತ್ತಾರೆ. ಹಾಗೆ ನೋಡಿದರೆ ಕಣ್ಣು ತಣಿಯುತ್ತದೆ, ಕಾಲಿಗೆ ಏನೂ ಸಿಗುವುದಿಲ್ಲ.

ಇಡೀ ಪಂದ್ಯವನ್ನೇ ನೋಡಿ. 2009ರ ಏಪ್ರಿಲ್ 18ರದ್ದರಿಂದ ಶುರು ಮಾಡಬಹುದು. ಬಾಸ್ಟನ್ ಸೆಲ್ಟಿಕ್ಸ್ ಎದುರು ಅವನ ಮೊತ್ತಮೊದಲ ಪ್ಲೇಆಫ್ ಪಂದ್ಯ, ಅಂದರೆ ಪ್ರಶಸ್ತಿಗಾಗಿ ನಡೆಯುವ ಕೊನೆಯ ಸುತ್ತುಗಳದ್ದು. ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಹಿಂದಿನ ವರ್ಷದ ಡ್ರಾಫ್ಟ್‌ನಲ್ಲಿ ಶಿಕಾಗೊ ಬುಲ್ಸ್ ಎಲ್ಲರಿಗಿಂತ ಮೊದಲು ಆರಿಸಿಕೊಂಡ, ಅದೇ ಊರಿನ ಇಪ್ಪತ್ತರ ಹುಡುಗ. ಅಂದು 36 ಅಂಕ ಗಳಿಸಿದ. ಹನ್ನೆರಡು ಬುಟ್ಟಿ, ಹನ್ನೆರಡು ಫ್ರೀ ಥ್ರೋ. ದೂರದಿಂದ ಎಸೆಯುವ ಮೂರಂಕದ್ದು ಒಂದೂ ಇಲ್ಲ. ಅಂದರೆ ಎದುರಾಳಿಗಳಿಗೆ ಅವನು ಒಳಗೆ ನುಗ್ಗುತ್ತಾನೆಂದು ಗೊತ್ತು, ಆದರೂ ತಡೆಯಲಾಗಲಿಲ್ಲ.

ಯಾಕೆ ಆಗಲಿಲ್ಲ ಎಂದು ತಿಳಿಯಬೇಕಾದರೆ ಚೆಂಡನ್ನು ಬಿಟ್ಟು ಪಾದ ನೋಡಿ. ಅವನು ಫ್ರೀ ಥ್ರೋ ಗೆರೆ ದಾಟುವ ಕಡೆಯಲ್ಲೆಲ್ಲ ವಿಡಿಯೊ ನಿಲ್ಲಿಸಿ, ಒಂದೊಂದೇ ಚಿತ್ರವಾಗಿ ಮುಂದೆ ಸರಿಸಿ. ಕೊನೆಯ ಡ್ರಿಬಲ್ ಎಲ್ಲಿ ಬಿತ್ತು? ನೆಗೆದದ್ದು ಒಂದು ಕಾಲಿನಿಂದಲೋ ಎರಡರಿಂದಲೋ? ಎತ್ತರದವನು ಬುಟ್ಟಿಯ ಕೆಳಗೆ ಕಾಯುತ್ತಿದ್ದರೆ ಅಲ್ಲಿಯವರೆಗೆ ಹೋಗದೆ, ನಡುದಾರಿಯಲ್ಲೇ ಚೆಂಡನ್ನು ಅವನ ಕೈಗಳ ಮೇಲಿಂದ ತೇಲಿಸಿಬಿಡುತ್ತಾನೆ. ಅದೇ ಫ್ಲೋಟರ್. ಅಷ್ಟು ವೇಗದಲ್ಲಿ ಬಂದವನು ಸಟ್ಟನೆ ಬ್ರೇಕ್ ಹಾಕುವ ಆ ಕ್ಷಣ ಕಂಡರೆ ಅರ್ಧ ಪಾಠ ಮುಗಿದಂತೆ.

ನೋಡುತ್ತಲೇ ಬರೆದುಕೊಳ್ಳಿ, ಮೂರು ಕಾಲಂ ಸಾಕು: ಬುಟ್ಟಿಯವರೆಗೆ ಹೋದದ್ದು, ನಡುವೆ ನಿಂತು ಎಸೆದದ್ದು, ಜೊತೆಗಾರನಿಗೆ ಕೊಟ್ಟದ್ದು. ನಾನು ಮೊದಮೊದಲು ‘ಅಬ್ಬಾ’ ಎಂದು ನಾಲ್ಕನೆಯದೊಂದು ಹಾಕಿಕೊಂಡಿದ್ದೆ. ಅದೊಂದೇ ತುಂಬುತ್ತಿತ್ತು, ಹೊಡೆದುಹಾಕಿದೆ.

ಬಳಿಕ ಮೂರನೆಯ ಸೀಸನ್ನಿಗೆ ಹಾರಿ. ಈಗ ರೋಸ್‌ನನ್ನು ಬಿಟ್ಟು ಅವನನ್ನು ಕಾಯುವವನನ್ನು ನೋಡಿ. ಮೊದಲ ವರ್ಷ ಜೊತೆಗಾರ ಅಡ್ಡ ನಿಂತು ಸ್ಕ್ರೀನ್ ಕೊಟ್ಟರೆ ಕಾಯುವವನಿಗೆ ಆತುರವೇ ಇರಲಿಲ್ಲ. ಸ್ಕ್ರೀನಿನ ಹಿಂದಿನಿಂದ ಸುತ್ತಿ ಬಂದು ದಾರಿಗೆ ಅಡ್ಡ ನಿಂತರಾಯಿತು. ಹೊರಗಿನಿಂದ ಎಸೆಯುವ ಭಯವಿಲ್ಲವಲ್ಲ: ಆ ಇಡೀ ಸೀಸನ್ನಿನಲ್ಲಿ ಮೂರಂಕದ 72 ಯತ್ನ, ಬಿದ್ದದ್ದು 16. 2010-11ರಲ್ಲಿ 385 ಯತ್ನ, 128 ಬಿದ್ದವು. ಶೇಕಡಾವಾರು ಲೆಕ್ಕದಲ್ಲಿ ದೊಡ್ಡ ಸಾಧನೆಯೇನಲ್ಲ, ನಿಜ. ಆದರೆ ಕಾಯುವವನು ಒಂದು ಹೆಜ್ಜೆ ಮುಂದೆ ಬರಬೇಕಾಯಿತು. ವೇಗದವನಿಗೆ ಆ ಒಂದು ಹೆಜ್ಜೆ ಸಾಕು. ಆ ವರ್ಷ ಪಂದ್ಯಕ್ಕೆ ಸರಾಸರಿ 25 ಅಂಕ; ಇಪ್ಪತ್ತೆರಡಕ್ಕೇ ಎನ್‌ಬಿಎಯ ಅತ್ಯಮೂಲ್ಯ ಆಟಗಾರ, ಆ ಗೌರವ ಪಡೆದವರಲ್ಲೇ ಅತಿ ಕಿರಿಯ.

2012ರ ಏಪ್ರಿಲ್ 28ರಂದು ಅವನ ಎಡ ಮಂಡಿಯ ಅಸ್ಥಿರಜ್ಜು ಹರಿಯಿತು. ಆ ವಿಡಿಯೊವನ್ನು ನಾನು ಯಾರಿಗೂ ತೋರಿಸುವುದಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ರಿಬೌಂಡಿಗೆ, ಅಂದರೆ ಬುಟ್ಟಿ ತಪ್ಪಿ ಪುಟಿದ ಚೆಂಡಿಗೆ ಹಾರಿ ಬೇರೆಯವನ ಶೂ ಮೇಲೆ ಒಂಟಿ ಕಾಲೂರಿ ಇಳಿದವನು ನಾನು. ಇಂದಿಗೂ ಮೆಟ್ಟಿಲು ಇಳಿಯುವಾಗ ಮಂಡಿ ಲಟಕ್ಕೆನ್ನುತ್ತದೆ. ಹಾಗಾಗಿ ನನ್ನ ಹುಡುಗರಿಗೆ ಮೊದಲ ಹತ್ತು ನಿಮಿಷ ಚೆಂಡಿಲ್ಲ. ಓಡಿ ಬಾ, ನೆಗೆ, ಎರಡೂ ಕಾಲಿನ ಮೇಲೆ ಮಂಡಿ ಬಾಗಿಸಿ ಇಳಿ, ಅಲ್ಲೇ ನಿಲ್ಲು. ಧಪ್ಪೆಂದು ಸದ್ದು ಕೇಳಿಸಿತೋ, ಇನ್ನೊಮ್ಮೆ.