ಗಣಿತ ಅಂದ್ರೆ ಮುಖ ತಿರುಗಿಸೋ ಮಕ್ಕಳಿಗೆ ಮಳೆ ಲೆಕ್ಕ ಕೊಟ್ಟು ನೋಡಿ

ದಶಮಾಂಶ ಪಾಠ ಶುರು ಮಾಡೋ ಮೇಷ್ಟ್ರು, ಮೇಡಂಗಳಿಗೆ ಒಂದು ಐಡಿಯಾ. ನಮ್ಮ ಮೂಡಿಗೆರೆ, ಸಕಲೇಶಪುರ ಕಡೆ ತೋಟದಲ್ಲಿ ಮಳೇನ ಇಂಚು-ಸೆಂಟ್ ಲೆಕ್ಕದಲ್ಲೇ ಹೇಳ್ತಾರಲ್ವಾ, 100 ಸೆಂಟ್ ಅಂದ್ರೆ 1 ಇಂಚು, ಮಕ್ಕಳು ಇದನ್ನ ಮನೇಲಿ ಕೇಳಿರ್ತಾವೆ, ಆದ್ರೆ ಅದೂ ಗಣಿತಾನೇ ಅಂತ ಯಾರೂ ಹೇಳಿರಲ್ಲ. ಕ್ಲಾಸಿಗೆ ಹೋದ ತಕ್ಷಣ ಪುಸ್ತಕ ತೆಗೀರಿ ಅನ್ಬೇಡಿ, "ನಿನ್ನೆ ನಿಮ್ಕಡೆ ಎಷ್ಟು ಬಿತ್ರೋ?" ಅಂತ ಕೇಳಿ. ಹಿಂದಿನ ಬೆಂಚಿನೋನೇ ಮೊದ್ಲು ಬಾಯಿ ಬಿಡ್ತಾನೆ.

ಒಬ್ಬ 1 ಇಂಚು 5 ಸೆಂಟ್ ಅಂದ್ರೆ ಬೋರ್ಡ್ ಮೇಲೆ 1.5, 1.05 ಎರಡೂ ಬರೆದು ಸುಮ್ನೆ ನಿಂತ್ಕೊಳ್ಳಿ. ಜಗಳ ಶುರುವಾಗುತ್ತೆ, ಆಗ್ಲಿ ಬಿಡಿ, ಅವಸರಕ್ಕೆ ಬಿದ್ದು ಉತ್ತರ ಹೇಳ್ಬೇಡಿ (ನಮಗೆ ಅದೇ ಕಷ್ಟ!). ಅರ್ಧ ಇಂಚಿಗೆ ಎಷ್ಟು ಸೆಂಟ್ ಅಂತ ಮಾತ್ರ ಕೇಳಿ, 50 ಅಂತ ಅವರೇ ಹೇಳಿ, 1.05ರಲ್ಲಿ ಆ ಸೊನ್ನೆ ಯಾಕೆ ಬೇಕು ಅಂತಾನೂ ಅವರೇ ಕಂಡ್ಕೋತಾರೆ.

ಆಮೇಲೆ ಜಮೀನಿಗೆ ಬನ್ನಿ. 2 ಎಕರೆ 20 ಗುಂಟೆ ಅಂದ್ರೆ ಎಷ್ಟು ಎಕರೆ? 40 ಗುಂಟೆಗೆ ಒಂದು ಎಕರೆ, ಹಾಗಾಗಿ 2.5. ಪಹಣೀಲಿ 2.20 ಅಂತ ಇದೆಯಲ್ಲ ಸಾರ್ ಅಂತ ಯಾವನಾದ್ರೂ ಕೇಳೇ ಕೇಳ್ತಾನೆ, ಅದು ಎಕರೆ ಗುಂಟೆ ಬೇರೆ ಮಾಡೋ ಚುಕ್ಕಿ ಅಷ್ಟೇ, ದಶಮಾಂಶ ಅಲ್ಲ, ಇದೊಂದರಲ್ಲೇ ಪೀರಿಯಡ್ ಮುಗಿದ್ರೂ ನಷ್ಟ ಇಲ್ಲ.

ಮಳೆ ಮಾಪಕ ಇಲ್ದಿದ್ರೆ ಮೇಲಿಂದ ಕೆಳಗೆ ಒಂದೇ ಅಗಲ ಇರೋ ಡಬ್ಬ ಬಯಲಲ್ಲಿಟ್ಟು ಸ್ಕೇಲಲ್ಲಿ ಅಳೆದ್ರೂ ನಡೆಯುತ್ತೆ, 1 ಇಂಚಿಗೆ 25.4 ಮಿ.ಮೀ. ಮಾರ್ಕ್ಸ್ ಮಾತ್ರ ಇದಕ್ಕೆ ಹಾಕಕ್ಕೆ ಹೋಗ್ಬೇಡಿ, ಹಾಕಿದ್ರೆ ಮತ್ತೆ ಬಾಯಿ ಮುಚ್ಕೋತಾವೆ.