ಮಸ್ಕತ್ತಿನಲ್ಲಿ ಹುಟ್ಟಿದ ಮಗಳು, ಅಂಕೋಲೆಯ ಅಜ್ಜಿ, ನಡುವೆ ಒಂದು ಫೈಲು

ಮಗಳು ಹುಟ್ಟಿದ ಸುದ್ದಿ ಕೇಳಿ ಅಂಕೋಲೆಯಿಂದ ಅತ್ತೆ ಫೋನ್ ಮಾಡಿದರು. "ಹನ್ನೆರಡನೇ ದಿನ ತೊಟ್ಟಿಲು. ಅಲ್ಲೀವರೆಗೆ ಹೆಸರು ಗಿಸರು ಇಡಬೇಡಿ" ಎಂದರು. ಒಮಾನ್ ದೇಶದ ಮಸ್ಕತ್ತಿನ ಆಸ್ಪತ್ರೆಯವರು ಮಾತ್ರ ಎರಡನೇ ದಿನಕ್ಕೇ ಫಾರ್ಮ್ ಹಿಡಿದು ಮಂಚದ ಪಕ್ಕ ನಿಂತಿದ್ದರು. ಅದಕ್ಕೇ ಪರದೇಶದಲ್ಲಿ ಹೆರುವವರಿಗೆ ಹೇಳುವುದು, ಹೆರಿಗೆಗೆ ಮೊದಲೇ ಗಂಡಿಗೊಂದು ಹೆಣ್ಣಿಗೊಂದು ಹೆಸರನ್ನು ಇಂಗ್ಲಿಷ್ ಸ್ಪೆಲ್ಲಿಂಗ್ ಸಮೇತ ಬರೆದಿಟ್ಟುಕೊಳ್ಳಿ. ತೊಟ್ಟಿಲಲ್ಲಿ ಏನಾದರೂ ಕರೆಯಿರಿ. ಕಾಗದದಲ್ಲಿ ಮಾತ್ರ ಒಂದೇ ಹೆಸರಿರಲಿ.

ನಿಜ ಹೇಳಬೇಕೆಂದರೆ ಮಗುವಿನ ಕಾಗದಪತ್ರದ ಕೆಲಸ ಶುರುವಾಗುವುದು ಅದಕ್ಕೂ ಮೊದಲೇ. ನಮ್ಮ ಮದುವೆಗೆ ಸಾಕ್ಷಿ ಅಂತ ಇದ್ದದ್ದು ಲಗ್ನಪತ್ರಿಕೆ, ಒಂದು ಆಲ್ಬಂ ಅಷ್ಟೇ. ಪರದೇಶದಲ್ಲಿ ಅದನ್ನು ಯಾರೂ ಒಪ್ಪುವುದಿಲ್ಲ. ರಜೆಗೆ ಊರಿಗೆ ಬಂದಾಗ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮದುವೆ ನೋಂದಾಯಿಸಿ. ಪಾಸ್‌ಪೋರ್ಟಿನಲ್ಲಿ ಗಂಡ ಅಥವಾ ಹೆಂಡತಿಯ ಹೆಸರು ಸೇರಿಸುವ ಕೆಲಸವನ್ನೂ ಆಗಲೇ ಮುಗಿಸಿ. ಬಸುರಿ ಹೊಟ್ಟೆ ಹೊತ್ತುಕೊಂಡು ಇದಕ್ಕೆಲ್ಲ ಓಡಾಡಿದವಳು ನಾನು. ನಿಮಗೆ ಬೇಡ.

ಇನ್ನು ಜನನ ಪ್ರಮಾಣಪತ್ರ. ಆಸ್ಪತ್ರೆ ಕೊಡುವ ಚೀಟಿಯೇ ಸರ್ಟಿಫಿಕೇಟ್ ಅಂದುಕೊಳ್ಳಬೇಡಿ. ಅದನ್ನು ತೋರಿಸಿ ಆ ದೇಶದ ಸರ್ಕಾರದಿಂದ ಪ್ರಮಾಣಪತ್ರ ಪಡೆಯಬೇಕು, ಆಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯ ಮುದ್ರೆ. ನಾನು ಎಡವಿದ್ದು ಇಲ್ಲೇ. ಅರಬಿಯಲ್ಲಿ 'ಪ' ಅನ್ನುವ ಅಕ್ಷರವೇ ಇಲ್ಲ, 'ಬ' ಬರೆಯುತ್ತಾರೆ. ನನ್ನ ಹೆಸರಿನ 'ಪ' ಅರಬಿಗೆ ಹೋಗಿ 'ಬ' ಆಯಿತು. ಇಂಗ್ಲಿಷಿಗೆ ಅನುವಾದ ಮಾಡಿದವರು ಪಾಸ್‌ಪೋರ್ಟ್ ನೋಡದೆ ಆ 'ಬ'ವನ್ನೇ ಉಳಿಸಿದರು. ಹೀಗೆ ಮಗಳಿಗೆ ಯಾರೋ ಬೇರೆ ಅಮ್ಮ ಹುಟ್ಟಿಕೊಂಡಳು! ತಿದ್ದಿಸಲು ಅಷ್ಟೂ ಕೌಂಟರುಗಳನ್ನು ಮತ್ತೆ ಸುತ್ತಬೇಕಾಯಿತು. ಅಪ್ಪ ಅಮ್ಮನ ಪಾಸ್‌ಪೋರ್ಟ್ ಪ್ರತಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ಆಮೇಲೆ ದುಡ್ಡು ಕೊಡಿ.

ಈ ಪ್ರಮಾಣಪತ್ರ ಕೈಗೆ ಬಂದ ಮಾತ್ರಕ್ಕೆ ಮಗು ಭಾರತದ ಪ್ರಜೆ ಆಗಲಿಲ್ಲ. ಒಮಾನ್ ಕೂಡ ಅಲ್ಲಿ ಹುಟ್ಟಿದ್ದಕ್ಕೇ ನಮ್ಮಂಥವರ ಮಕ್ಕಳನ್ನು ತನ್ನವರು ಅನ್ನುವುದಿಲ್ಲ. 1955ರ ಪೌರತ್ವ ಕಾಯ್ದೆಯ 4ನೇ ಕಲಂ ಪ್ರಕಾರ, 2004ರ ಡಿಸೆಂಬರ್ 3ರಿಂದ ಈಚೆ ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತದ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು, ಅದು ಜಾಸ್ತಿ ತಲೆನೋವು. ಅರ್ಜಿ ತುಂಬುವುದು ಭಾರತದ ಕೇಂದ್ರ ಗೃಹ ಇಲಾಖೆಯ ವೆಬ್‌ಸೈಟಿನಲ್ಲಿ. ಮಗುವಿನ ಹತ್ತಿರ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಅಪ್ಪ ಅಮ್ಮ ಬರೆದುಕೊಡಬೇಕು.

ಪಾಸ್‌ಪೋರ್ಟ್ ಅರ್ಜಿಯ ಕಷ್ಟ ಫೋಟೊದ್ದು. ಹಿನ್ನೆಲೆ ಬಿಳಿ ಇರಬೇಕು, ಕಣ್ಣು ತೆರೆದಿರಬೇಕು. ಮಂಚದ ಮೇಲೆ ಮಾವನವರ ಬಿಳಿ ಪಂಚೆ ಹಾಸಿ ಮಲಗಿಸಿದೆವು. ಕಣ್ಣು ಬಿಟ್ಟರೆ ಅಳು, ಅಳು ನಿಂತರೆ ನಿದ್ದೆ. ಕೊನೆಗೆ ಹಾಲು ಕುಡಿದು ತೇಗಿದ ಮರುಗಳಿಗೆಯಲ್ಲಿ ಸಿಕ್ಕಿತು. ಸಹಿ ಜಾಗಕ್ಕೆ ಹೆಬ್ಬೆಟ್ಟು: ಗಂಡಾದರೆ ಎಡಗೈಯದು, ಹೆಣ್ಣಾದರೆ ಬಲಗೈಯದು. ಮುಷ್ಟಿ ಬಿಡಿಸಿ, ಇಂಕು ತಾಗಿಸಿ ಒತ್ತಿದರೆ ಹುಣಸೆಬೀಜದಷ್ಟು ಗುರುತು ಬಿತ್ತು. ಎರಡು ಮೂರು ಖಾಲಿ ಫಾರ್ಮ್ ಜಾಸ್ತಿ ಇಟ್ಟುಕೊಳ್ಳಿ. ಈ ಪಾಸ್‌ಪೋರ್ಟ್ ಐದೇ ವರ್ಷಕ್ಕೆ. ಅದು ಬಂದ ಮೇಲೇ ಅಲ್ಲಿನ ವೀಸಾ.

ಊರಿನವರ ಒಂದು ಸಲಹೆ ಮಾತ್ರ ಕೇಳಲೇಬೇಡಿ. "ಸುಮ್ನೆ ಯಾಕೆ ಇಷ್ಟೆಲ್ಲ, ಇಲ್ಲೇ ಹುಟ್ಟಿದ ಹಾಗೆ ಸರ್ಟಿಫಿಕೇಟ್ ಮಾಡಿಸಿದರಾಯ್ತಲ್ಲ" ಅನ್ನುತ್ತಾರೆ. ಅದು ಸುಳ್ಳು ದಾಖಲೆ, ಅಪರಾಧ. ಮಗುವಿನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಜಾಗ ಅಂತ ಮಸ್ಕತ್ ಇದ್ದು, ಸರ್ಟಿಫಿಕೇಟಿನಲ್ಲಿ ಅಂಕೋಲಾ ಇದ್ದರೆ ಮುಂದೆ ಉತ್ತರ ಕೊಡುವವರು ಯಾರು?

ಅಮೆರಿಕದಲ್ಲಿ ಹೆತ್ತವರ ಕತೆ ಬೇರೆ. ಶಿರಸಿಯ ನಮ್ಮ ನೆಂಟರ ಮೊಮ್ಮಗ ಅಲ್ಲೇ ಹುಟ್ಟಿದ, ಅಲ್ಲಿನ ಪಾಸ್‌ಪೋರ್ಟ್ ಮಾಡಿಸಿದರು, ಇಲ್ಲಿಗೆ ಬಂದು ಹೋಗಲು ಒಸಿಐ, ಅಂದರೆ 'ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ' ಕಾರ್ಡ್. ಅದು ಪೌರತ್ವ ಅಲ್ಲ. ಓಟಿಲ್ಲ. ಅಜ್ಜನ ಅಡಿಕೆ ತೋಟ ಪಾಲಿಗೆ ಬಂದರೆ ಇಟ್ಟುಕೊಳ್ಳಬಹುದು, ಪಕ್ಕದ ತೋಟ ಕೊಳ್ಳುವ ಹಾಗಿಲ್ಲ. ಅಜ್ಜನಿಗೆ ಇದಿನ್ನೂ ಅರಗಿಲ್ಲ.

ಕೊನೆಗೆ, ಊರಿಗೆ ತಂದ ಮೂಲಪ್ರತಿಗಳ ವಿಷಯ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಪಾಟಿನೊಳಗಿನ ಕಾಗದಕ್ಕೂ ಬೂಸ್ಟು ಹಿಡಿಯುತ್ತದೆ. ಹಾಗಂತ ಲ್ಯಾಮಿನೇಶನ್ ಮಾಡಿಸಬೇಡಿ, ಮುಂದೆ ಹಿಂಬದಿಗೆ ಮುದ್ರೆ ಒತ್ತಿಸಬೇಕಾದರೆ ಆಗುವುದಿಲ್ಲ. ಪ್ಲಾಸ್ಟಿಕ್ ಕವರಿಗೆ ಹಾಕಿ ಗಾಳಿಯಾಡದ ಡಬ್ಬಿಯಲ್ಲಿಡಿ. ನಮ್ಮದು ಅತ್ತೆಯ ಹಪ್ಪಳದ ಡಬ್ಬಿಯಲ್ಲಿದೆ.